ಹತ್ತನೆಯ ಒಂದು

ಕಳೆದ ವಾರ ನನ್ನ ಹಳೆಯ ವಿದ್ಯಾರ್ಥಿಯೊಬ್ಬರು ದೂರವಾಣಿಯಲ್ಲಿ ಮಾತನಾಡುತ್ತಾ, “ಸಾರ್, ನೀವು ಕಪ್ಪುಹಲಗೆಯ ಮೇಲೆ ಬರೆಯುತ್ತಿದ್ದ ಹಾರದಂಥ ಸಂಖ್ಯೆ ಇನ್ನೂ ಜ್ಞಾಪಕದಲ್ಲಿದೆ” ಎಂದರು. ಸಂತೋಷವಾಯಿತು. ಜೊತೆಗೇ ನನ್ನದೊಂದು ಹಳೆಯ ತಪ್ಪೂ ನೆನಪಾಯಿತು.

ಆ ಸಂಖ್ಯೆ 12345654321. ಸಾವಿರದ ಇನ್ನೂರ ಮೂವತ್ತನಾಲ್ಕು ಕೋಟಿಯನ್ನು ಮೀರಿದ ಈ ಸಂಖ್ಯೆಯನ್ನು ಯಾವ ತುದಿಯಿಂದ ಓದಿದರೂ ಒಂದೇ. ಒಂಬತ್ತನೆಯ ಶತಮಾನದಲ್ಲಿ, ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯರು ತಮ್ಮ ‘ಗಣಿತಸಾರಸಂಗ್ರಹ’ದ ಗುಣಾಕಾರ ಪ್ರಕರಣದಲ್ಲಿ ಇದನ್ನು ಕೊಟ್ಟಿದ್ದಾರೆ. 27994681ನ್ನು 441ರಿಂದ ಗುಣಿಸಿದರೆ ಈ ಸಂಖ್ಯೆ ದೊರೆಯುತ್ತದೆ. ಇಂಥ ಗುಣಲಬ್ಧಗಳನ್ನು ಅವರು ಕೊರಳ ಹಾರಕ್ಕೆ ಹೋಲಿಸಿದರು.

ಇದರ ಗುಟ್ಟು ಸರಳವಾದುದು. 441 ಎಂಬುದು 21ರ ವರ್ಗ. 27994681 ಎಂಬುದು 5291ರ ವರ್ಗ. 21ನ್ನು 5291ರಿಂದ ಗುಣಿಸಿದರೆ 111111. ಆದ್ದರಿಂದ ನಮ್ಮ ಹಾರವು ಆರು ಒಂದುಗಳ ವರ್ಗವೇ ಹೊರತು ಬೇರೆಯಲ್ಲ. ಕಾಗದದ ಮೇಲೆ ಗುಣಿಸಿ ನೋಡಿರಿ: ಒಂದೊಂದು ಸ್ಥಾನ ಸರಿಯುತ್ತಾ ಆರು ಸಾಲುಗಳು ಬರುತ್ತವೆ. ಕಂಬಸಾಲುಗಳಲ್ಲಿರುವ ಒಂದುಗಳನ್ನು ಎಣಿಸಿದರೆ ಒಂದು, ಎರಡು, ಮೂರು ಎಂದು ಆರರವರೆಗೆ ಏರಿ, ಮತ್ತೆ ಒಂದಕ್ಕೆ ಇಳಿಯುತ್ತವೆ. ಎಲ್ಲಿಯೂ ದಶಕ ಉಳಿಯುವುದಿಲ್ಲ. ಒಂಬತ್ತು ಒಂದುಗಳ ವರ್ಗ 12345678987654321. ಅಲ್ಲಿಯವರೆಗೂ ಹಾರಕ್ಕೆ ಭಂಗವಿಲ್ಲ.

ಒಮ್ಮೆ ಕೊನೆಯ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, “ಹತ್ತು ಒಂದು ಬರೆದರೆ ಏನಾಗ್ತದೆ ಸಾರ್?” ಎಂದು ಕೇಳಿದ. ಪಾಠ ಮುಗಿಸುವ ಅವಸರದಲ್ಲಿದ್ದ ನಾನು, “ಅದು ಪರೀಕ್ಷೆಗೆ ಬರುವುದಿಲ್ಲ, ಕುಳಿತುಕೋ” ಎಂದುಬಿಟ್ಟೆ. ಅವನು ಕುಳಿತ. ಆ ವರ್ಷ ಮತ್ತೆ ಅವನು ಪ್ರಶ್ನೆ ಕೇಳಿದ್ದು ನನಗೆ ನೆನಪಿಲ್ಲ.

ಹತ್ತು ಒಂದುಗಳ ವರ್ಗ 1234567900987654321. ನಡುವಿನ ಕಂಬಸಾಲಿನಲ್ಲಿ ಹತ್ತು ಒಂದುಗಳು ಕೂಡುವುದರಿಂದ ದಶಕವೊಂದು ಎಡಕ್ಕೆ ಹೋಗುತ್ತದೆ. ಅಲ್ಲಿದ್ದ ಒಂಬತ್ತು ಹತ್ತಾಗಿ, ಅದರ ದಶಕ ಮುಂದಿನ ಎಂಟನ್ನು ಒಂಬತ್ತಾಗಿಸುತ್ತದೆ. ಹಾರದ ದಾರ ಹರಿಯುವುದು ಇಲ್ಲಿ. ನಾವು ಹತ್ತನ್ನು ಆಧಾರವಾಗಿಟ್ಟುಕೊಂಡು ಎಣಿಸುವುದೇ ಇದಕ್ಕೆ ಕಾರಣ. ಸ್ಥಾನಬೆಲೆಯ ಪಾಠವೆಲ್ಲ ಆ ಹುಡುಗನ ಪ್ರಶ್ನೆಯೊಳಗೇ ಇತ್ತು, ನಾನು ಕಾಣಲಿಲ್ಲ.

ಈಗ ಮೊಬೈಲಿನಲ್ಲಿ ದಿನಕ್ಕೊಂದು ‘ಸಂಖ್ಯಾಚಮತ್ಕಾರ’ ಬರುತ್ತದೆ. ನೋಡಿ ಬೆರಗಾಗುತ್ತೇವೆ, ಮತ್ತೊಬ್ಬರಿಗೆ ಕಳುಹಿಸುತ್ತೇವೆ. ಬೆರಗು ಬೇಕು, ನಿಜ. ಆದರೆ ಕಾರಣವನ್ನು ಕೇಳದ ಬೆರಗು ಗಾರುಡಿಗನ ಆಟವಾದೀತೇ ವಿನಾ ಗಣಿತವಾಗದು. ನಿಯಮವೊಂದು ಎಲ್ಲಿಯವರೆಗೆ ನಡೆಯುತ್ತದೆ, ಎಲ್ಲಿ ಮುರಿಯುತ್ತದೆ ಎಂದು ತಿಳಿದಾಗಲೇ ಅದು ನಮ್ಮದಾಗುವುದು ಎಂಬುದು ನನ್ನ ದೃಢ ಅಭಿಪ್ರಾಯ.

ನಿಮ್ಮಲ್ಲಿ ಅನೇಕರು ಈಗ ತಂದೆತಾಯಿಯರು, ಕೆಲವರು ಉಪಾಧ್ಯಾಯರು. ಮಕ್ಕಳ ಕೈಗೆ ಕಾಗದ, ಪೆನ್ಸಿಲು ಕೊಟ್ಟು ಹತ್ತನೆಯ ಒಂದನ್ನೂ ಬರೆಯಲು ಬಿಡಿರಿ. ಆ ಹುಡುಗ ಇದನ್ನು ಓದುತ್ತಿದ್ದರೆ, ಅಪ್ಪಾ, ಉತ್ತರ ತಡವಾಯಿತು, ಕ್ಷಮಿಸು.