ಉಂಡ ಎಲೆ ವಾಪಸ್ ಕೊಡುವ ಜಾಣರು

ಮೇ ತಿಂಗಳ ಕೊನೇ ಸೋಮವಾರ ಇಲ್ಲಿ ಮೆಮೋರಿಯಲ್ ಡೇ. ಷಿಕಾಗೊ ಕಡೆಯ ನಮ್ಮಂಥವರು ಇನ್ನು ಚಳಿ ಮುಗೀತು ಅಂತ ಧೈರ್ಯವಾಗಿ ಹೇಳೋದು ಆವತ್ತೇ. ಅದಕ್ಕೂ ಒಂದು ವಾರ ಮೊದಲು ನನ್ನ ಫೋನಿಗೆ ಪ್ರತಿವರ್ಷ ಒಂದೇ ಪ್ರಶ್ನೆ ಬರುತ್ತೆ. "ಮಗಾ, ಗ್ಯಾಸ್ ಗ್ರಿಲ್ ತಗೋಬೇಕು, ಎಲ್ಲಿ ಒಳ್ಳೆ ಡೀಲ್ ಇದೆ?" ಮೆಕ್ಯಾನಿಕಲ್ಲಿನಲ್ಲಿ ಬಿ.ಇ. ಮಾಡಿ ಸಾಫ್ಟ್‌ವೇರಿನಲ್ಲಿ ಅನ್ನ ತಿನ್ನುತ್ತಿರುವವನು ನಾನು. ನಾನು ಓದಿದ್ದು ಉಪಯೋಗಕ್ಕೆ ಬರೋದು ವರ್ಷಕ್ಕೆ ಇದೊಂದೇ ಸಲ. ಹಾಗಾಗಿ ಖುಷಿಯಿಂದಲೇ ಶುರು ಮಾಡ್ತೀನಿ. ಅರ್ಧ ಹೇಳೋಷ್ಟರಲ್ಲಿ ಆ ಕಡೆಯಿಂದ ಇನ್ನೊಂದು ಮಾತು ಬರುತ್ತೆ. "ಅಷ್ಟೆಲ್ಲಾ ತಲೆ ಯಾಕೆ ಕೆಡಿಸ್ಕೋಬೇಕು? ತಂದು ಬೇಸಿಗೆ ಪೂರ್ತಿ ಬಳಸಿ ಸೆಪ್ಟೆಂಬರಿನಲ್ಲಿ ವಾಪಸ್ ಕೊಟ್ಟರಾಯ್ತು. ಪೂರ್ತಿ ದುಡ್ಡು ಕೊಡ್ತಾರಂತೆ."

ಈ ಲೇಖನ ಆ ಕೊನೇ ಮಾತಿನ ಮೇಲೆ. ಕೋಪ ಬಂದರೆ ಬರಲಿ.

ಗ್ರಿಲ್ ಕೊಳ್ಳೋ ನಮ್ಮವರಲ್ಲಿ ಮೂರು ಥರ ಇದ್ದಾರೆ. ಮೊದಲನೆಯವರು ತೋರಿಕೆಯವರು. ಹೊಸ ಮನೆ, ಹೊಸ ಡೆಕ್ಕು, ಆರು ಬರ್ನರಿನ ಫಳಫಳ ಗ್ರಿಲ್ಲು, ಪಕ್ಕಕ್ಕೊಂದು ಸೈಡ್ ಬರ್ನರು, ತಿರುಪಿನಲ್ಲಿ ನೀಲಿ ಲೈಟು. ಗೃಹಪ್ರವೇಶದ ದಿನ ಒಂದು, ಜುಲೈ ನಾಲ್ಕಕ್ಕೆ ಒಂದು, ಹೀಗೆ ವರ್ಷಕ್ಕೆ ಎರಡು ಸಲ ಹೊತ್ತಿಸ್ತಾರೆ. ಎರಡನೆಯವರು ಅಗ್ಗದವರು. ಮಾರ್ಕೆಟ್ಟಿನಲ್ಲಿ ಕಡಿಮೆ ಬೆಲೆಯದು ಯಾವುದೋ ಅದನ್ನ ತರ್ತಾರೆ, ಎರಡು ಚಳಿಗಾಲಕ್ಕೆ ಅದರ ತಳ ತುಕ್ಕು ಹಿಡಿದು ಉದುರುತ್ತೆ, ಮತ್ತೊಂದು ತರ್ತಾರೆ. ಅಗ್ಗ ಅಂತ ಮುಗ್ಗಿದ ಜೋಳ ತಂದ ಹಾಗೆ. ಈ ಇಬ್ಬರ ಮೇಲೆ ನನಗೆ ಜಗಳ ಇಲ್ಲ. ಅವರು ಹಾಳು ಮಾಡ್ತಿರೋದು ಅವರ ದುಡ್ಡು. ಮೂರನೆಯವರು ಈ ವಾಪಸ್ ವೀರರು. ನನ್ನ ಜಗಳ ಇವರ ಜೊತೆ.

ಜಗಳಕ್ಕೆ ಮೊದಲು ನನ್ನ ತಪ್ಪು ಒಪ್ಪಿಕೊಂಡುಬಿಡ್ತೀನಿ. ನಾನೂ ಒಮ್ಮೆ ವಾಪಸ್ ವೀರನೇ.

ಅವ್ವ, ಅಪ್ಪ ಮೊದಲನೇ ಸಲ ಇಲ್ಲಿಗೆ ಬಂದ ವರ್ಷ. ನಮ್ಮದು ಅರಸೀಕೆರೆ ಸೀಮೆಯ ಒಂದು ಸಣ್ಣ ಹಳ್ಳಿ. ಅವ್ವನಿಗೆ ನಮ್ಮ ಮನೆಯ ಕರೆಂಟ್ ಒಲೆ ಕಂಡರೆ ಆಗ್ತಿರಲಿಲ್ಲ. "ಉರಿಯೇ ಕಾಣ್ದೇ ಇರೋ ಒಲೇಲಿ ಬದನೆಕಾಯಿ ಹೆಂಗೆ ಸುಡ್ಲಿ?" ಅಂದಳು. ಹಿತ್ತಲಿಗೆ ಒಂದು ಮೂರು ಬರ್ನರಿನ ಗ್ರಿಲ್ ತಂದೆ. ತರುವಾಗಲೇ ನನ್ನ ತಲೆಯಲ್ಲಿ ಸೆಪ್ಟೆಂಬರಿನ ಲೆಕ್ಕ ಇತ್ತು. ಆ ಬೇಸಿಗೆ ಅವ್ವ ಅದರ ಮೇಲೆ ಬದನೆಕಾಯಿ ಸುಟ್ಟಳು, ಗೆಣಸು ಸುಟ್ಟಳು, ಮುಸುಕಿನ ಜೋಳ ಸುಟ್ಟಳು. ಅಪ್ಪ ಪಕ್ಕದಲ್ಲಿ ಕುರ್ಚಿ ಹಾಕ್ಕೊಂಡು ಊರಿನ ಸುದ್ದಿ ಮಾತಾಡ್ತಿದ್ದ. ಸೆಪ್ಟೆಂಬರ್ ಬಂತು. "ನಾಳೆ ಇದನ್ನ ವಾಪಸ್ ಕೊಡಬೇಕವ್ವ" ಅಂದೆ. ಅವ್ವ ಎರಡನೇ ಪ್ರಶ್ನೆ ಕೇಳಲಿಲ್ಲ. ಯಾರದೋ ಮನೆಯಿಂದ ಎರವಲು ತಂದಿದ್ದೀನಿ ಅಂದುಕೊಂಡಿದ್ದಳು. ಬೆಳಗ್ಗೆ ಎದ್ದು ಹುಣಸೆಹಣ್ಣು ಹಾಕಿ ಕಂಬಿಗಳನ್ನೆಲ್ಲ ತಿಕ್ಕಿದಳು.

ಅಂಗಡಿಯ ಕೌಂಟರಿನಲ್ಲಿ "ಯಾಕೆ ವಾಪಸ್?" ಅಂದರು. "ಸರಿಯಾಗಿ ಬಿಸಿ ಬರಲ್ಲ" ಅಂದೆ. ಆ ಹುಡುಗಿ ಮುಚ್ಚಳ ಎತ್ತಿ ನೋಡಿದಳು. ಒಳಗೆ ತೊಳೆದ ಕಂಬಿಯ ಮೇಲೆ, ಕಾಗದದಲ್ಲಿ ಸುತ್ತಿದ ಒಂದು ಅಚ್ಚು ಬೆಲ್ಲ.

ನಮ್ಮೂರಿನವರಿಗೆ ವಿವರಿಸಿ ಹೇಳಬೇಕಾಗಿಲ್ಲ. ಎರವಲು ತಂದ ಪಾತ್ರೆಯನ್ನ ಬರಿದಾಗಿ ವಾಪಸ್ ಕೊಡಬಾರದು. ಮದುವೆಗೆ ಅಂತ ಪಕ್ಕದ ಬೀದಿಯಿಂದ ಕೊಪ್ಪರಿಗೆ ತಂದರೆ ತೊಳೆದು, ಒಳಗೆ ಒಂದಿಷ್ಟು ಅಕ್ಕಿಯೋ ಬೆಲ್ಲವೋ ಇಟ್ಟು ಕೊಡಬೇಕು. ಅವ್ವ ಅಷ್ಟೇ ಮಾಡಿದ್ದು. "ಇದೇನು?" ಅಂತ ಆ ಹುಡುಗಿ ಕೇಳಿದಾಗ ನನ್ನ ಬಾಯಿಂದ ಮಾತು ಹೊರಡಲಿಲ್ಲ. ದುಡ್ಡು ಪೂರ್ತಿ ಬಂತು, ಬೆಲ್ಲವೂ ವಾಪಸ್ ಬಂತು. ಕಾರಿನಲ್ಲಿ ವಿಷಯ ಗೊತ್ತಾದ ಮೇಲೆ ಅವ್ವ ಅಂದದ್ದು ಒಂದೇ ಮಾತು: "ಉಂಡ್ ಎಲೆ ವಾಪಸ್ ಕೊಟ್ಟು ಕಾಸು ಇಸ್ಕೊಂಡ್ ಬಂದಂಗಾಯ್ತಲ್ಲೋ ಮಗಾ."

ಈಗ ನಿಮ್ಮ ವಾದಕ್ಕೆ ಬರ್ತೀನಿ. ಇವೆಲ್ಲ ನಾನೇ ನನಗೆ ಹೇಳಿಕೊಂಡ ವಾದಗಳಾದ್ದರಿಂದ ಚೆನ್ನಾಗಿ ಗೊತ್ತು.

ಒಂದು, "ಪಾಲಿಸಿ ಇದೆಯಲ್ಲ, ಅವರೇ ಕೊಟ್ಟಿದ್ದಾರೆ." ಸ್ವಾಮಿ, ಆ ಪಾಲಿಸಿ ಇರೋದು ಮಾಲು ಕೈಕೊಟ್ಟರೆ ಅಂತ. ನಾವು ಬರೆಯೋ ಕೋಡಿನಲ್ಲಿ ಒಂದು ಸಂದು ಇದೆ ಅಂತ ಯಾರೋ ಅದರಲ್ಲಿ ನುಗ್ಗಿ ದುಡ್ಡು ಹೊಡೆದರೆ, "ಸಂದು ನೀವೇ ಬಿಟ್ಟಿದ್ದು" ಅಂತ ಅವನನ್ನ ಸುಮ್ಮನೆ ಬಿಡ್ತೀವಾ?

ಎರಡು, "ಇಷ್ಟು ದೊಡ್ಡ ಅಂಗಡಿಗೆ ಏನು ನಷ್ಟ?" ನಷ್ಟ ಅಂಗಡಿಗಿಂತ ಜಾಸ್ತಿ ಆಗೋದು ಪ್ರಾಮಾಣಿಕವಾಗಿ ವಾಪಸ್ ಕೊಡೋರಿಗೆ. ಆರ್.ಇ.ಐ. ಅನ್ನೋ ಚಾರಣದ ಸಾಮಾನಿನ ಅಂಗಡಿ ಕಾಲಮಿತಿಯೇ ಇಲ್ಲದೆ ವಾಪಸ್ ತಗೊಳ್ತಿತ್ತು. 2013ರಲ್ಲಿ ಅದು ಒಂದು ವರ್ಷಕ್ಕೆ ಇಳೀತು. ತಲೆಮಾರುಗಳಿಂದ ಅದೇ ಮಾತಿಗೆ ಹೆಸರಾಗಿದ್ದ ಎಲ್.ಎಲ್.ಬೀನ್ ಕೂಡ 2018ರಲ್ಲಿ ಒಂದು ವರ್ಷದ ಗೆರೆ ಎಳೀತು. ಕಾರಣ ನಮ್ಮಂಥ ಜಾಣರೇ. ನಂಬಿಕೆಯ ಮೇಲೆ ತೆಗೆದಿಟ್ಟಿದ್ದ ಬಾಗಿಲು ಹೀಗೆ ಒಂದೊಂದಾಗಿ ಮುಚ್ಚುತ್ತೆ.

ಮೂರು, "ಇಲ್ಲಿನವರೂ ಮಾಡ್ತಾರೆ." ಮಾಡ್ತಾರೆ, ಇಲ್ಲ ಅನ್ನಲ್ಲ. ಆದರೆ ಇಲ್ಲಿನವರ ಯಾವ ಯಾವ ಅಭ್ಯಾಸ ಕಲೀಬೇಕು ಅಂತ ಆರಿಸಿಕೊಳ್ಳೋರು ನಾವೇ ತಾನೆ? ಮಕ್ಕಳಿಗೆ ಮಾತ್ರ "ನಮ್ಮ ಸಂಸ್ಕೃತಿ" ಅಂತ ಭಾನುವಾರ ಕ್ಲಾಸಿಗೆ ಕಳಿಸ್ತೀವಿ. ಸಂಸ್ಕೃತಿ ಅಂದರೆ ಶ್ಲೋಕ ಮಾತ್ರವಾ, ಆ ಬೆಲ್ಲದಚ್ಚು ಅಲ್ಲವಾ?

ನಾಲ್ಕನೆಯದು ಸ್ವಲ್ಪ ನ್ಯಾಯವಾದ ಮಾತು. "ವರ್ಷಕ್ಕೆ ಎರಡು ಸಲ ಬಳಸೋದಕ್ಕೆ ಐನೂರು ಡಾಲರ್ ಯಾಕೆ ಸುರೀಲಿ?" ಸುರೀಬೇಡಿ. ಪಕ್ಕದ ಮನೆಯವರನ್ನ ಕೇಳಿ. ನಾಲ್ಕು ಮನೆ ಸೇರಿ ಒಂದು ಗ್ರಿಲ್ ತಗೊಳ್ಳಿ. ಇಲ್ಲಿನ ಎಷ್ಟೋ ಪಾರ್ಕುಗಳಲ್ಲಿ ಇದ್ದಿಲ ಗ್ರಿಲ್ಲುಗಳು ನೆಟ್ಟೇ ಇವೆ, ಒಂದು ಚೀಲ ಇದ್ದಿಲು ತಗೊಂಡು ಹೋದರೆ ಆಯ್ತು. ಊರಲ್ಲಿ ಎಲ್ಲರ ಮನೆಯಲ್ಲೂ ಕೊಪ್ಪರಿಗೆ ಇರಲಿಲ್ಲ, ಆದರೂ ಮದುವೆಗಳು ನಡೀತಿದ್ದವು. ಆದರೆ ನಮಗೆ ಸ್ನೇಹಿತನ ಹತ್ತಿರ "ಒಂದು ದಿನಕ್ಕೆ ಗ್ರಿಲ್ ಕೊಡ್ತೀಯಾ" ಅಂತ ಕೇಳೋಕೆ ನಾಚಿಕೆ. ಅಂಗಡಿಯಲ್ಲಿ ನಿಂತು "ಬಿಸಿ ಬರಲ್ಲ" ಅಂತ ಸುಳ್ಳು ಹೇಳೋಕೆ ಆ ನಾಚಿಕೆ ಇಲ್ಲ. ಇದು ನನಗೆ ಇನ್ನೂ ಅರ್ಥ ಆಗದ ವಿಚಾರ.

ಇನ್ನು ನಿಜವಾಗಿ ಬಳಸೋರು, ಅಂದರೆ ವಾರಕ್ಕೊಂದು ಎರಡು ಸಲ ಹೊತ್ತಿಸೋರು, ಹೇಗೆ ಕೊಳ್ಳಬೇಕು? ಅವ್ವ ಸಂತೆಯಲ್ಲಿ ಮಡಕೆ ಕೊಳ್ಳುವಾಗ ಬಣ್ಣ ನೋಡ್ತಿರಲಿಲ್ಲ, ಬೆರಳಲ್ಲಿ ತಟ್ಟಿ ಸದ್ದು ಕೇಳ್ತಿದ್ದಳು. ಗ್ರಿಲ್ಲಿಗೂ ಅಂಥ ತಟ್ಟೋ ಜಾಗಗಳಿವೆ.

ಮೊದಲು ಬಿ.ಟಿ.ಯು. ಅನ್ನೋ ಅಂಕಿಗೆ ಮರುಳಾಗಬೇಡಿ. ಅದು ಆ ಗ್ರಿಲ್ ಗಂಟೆಗೆ ಎಷ್ಟು ಗ್ಯಾಸ್ ಕುಡಿಯುತ್ತೆ ಅನ್ನೋದರ ಲೆಕ್ಕ, ನಿಮ್ಮ ಬದನೆಕಾಯಿಗೆ ಎಷ್ಟು ಕಾವು ತಾಗುತ್ತೆ ಅನ್ನೋದಲ್ಲ. ಸೈಡ್ ಬರ್ನರನ್ನ ಬಿಟ್ಟು, ಮುಖ್ಯ ಬರ್ನರುಗಳ ಬಿ.ಟಿ.ಯು.ವನ್ನ ಕೆಳಗಿನ ಮುಖ್ಯ ಕಂಬಿಯ ಚದರ ಇಂಚುಗಳಿಂದ ಭಾಗಿಸಿ. 36,000 ಬಿ.ಟಿ.ಯು., 450 ಚದರ ಇಂಚು ಅಂದರೆ 80. ಎಂಬತ್ತರಿಂದ ನೂರರ ಒಳಗೆ ಬಂದರೆ ಸಾಮಾನ್ಯವಾಗಿ ಸಾಕು. ಡಬ್ಬದ ಮೇಲೆ ದಪ್ಪಕ್ಷರದಲ್ಲಿ ಬರೆದ ಒಟ್ಟು ವಿಸ್ತೀರ್ಣದಲ್ಲಿ ಮೇಲಿನ ಬೆಚ್ಚಗಿಡೋ ಅಟ್ಟವನ್ನೂ ಸೇರಿಸಿರ್ತಾರೆ, ಹುಷಾರು.

ಎರಡನೆಯದು ಲೋಹ. ಜೇಬಲ್ಲಿ ಒಂದು ಅಯಸ್ಕಾಂತ ಇಟ್ಕೊಂಡು ಹೋಗಿ. 304 ಅನ್ನೋ ಒಳ್ಳೆ ಸ್ಟೇನ್‌ಲೆಸ್ ಸ್ಟೀಲಿಗೆ ಅದು ಸಾಮಾನ್ಯವಾಗಿ ಅಂಟೋದಿಲ್ಲ, ಬೇಗ ತುಕ್ಕು ಹಿಡಿಯೋ 430ಕ್ಕೆ ಅಂಟುತ್ತೆ. ಮುಚ್ಚಳದ ಹೊಳಪಿಗಿಂತ ಒಳಗಿನ ಬೆಂಕಿಪೆಟ್ಟಿಗೆ ಮುಖ್ಯ. ಅದು ಎರಕದ ಅಲ್ಯೂಮಿನಿಯಮ್ ಆದರೆ ತುಕ್ಕಿನ ಮಾತೇ ಇಲ್ಲ. ತೆಳು ತಗಡಾದರೆ ಇಲ್ಲಿನ ಹಿಮದಲ್ಲಿ ಬಾಳೋದು ಕಷ್ಟ. ಮೊದಲು ಸಾಯೋದು ಬರ್ನರ್ ಕೊಳವೆಗಳು. ಆದ್ದರಿಂದ ಬರ್ನರಿಗೆ ಎಷ್ಟು ವರ್ಷದ ವಾರಂಟಿ, ಬಿಡಿಭಾಗ ಸಿಗುತ್ತಾ ಅಂತ ನೋಡಿ. ತಾನು ಮಾಡಿದ ಬರ್ನರಿನ ಮೇಲೆ ತಯಾರಕನಿಗೆ ಎಷ್ಟು ನಂಬಿಕೆ ಇದೆ ಅನ್ನೋದು ಅಲ್ಲಿ ಗೊತ್ತಾಗುತ್ತೆ.

ಮೂರನೆಯದು ಸಿಲಿಂಡರ್. ಇಪ್ಪತ್ತು ಪೌಂಡಿನದು ಅಂತಾರೆ, ಆದರೆ ಖಾಲಿ ಕೊಟ್ಟು ತುಂಬಿದ್ದು ತಗೊಳ್ಳೋ ಕಡೆ ಸಾಮಾನ್ಯವಾಗಿ ಇರೋದು 15 ಪೌಂಡ್ ಗ್ಯಾಸು. ಒಂದು ಪೌಂಡ್ ಪ್ರೊಪೇನಿಗೆ ಸುಮಾರು 21,500 ಬಿ.ಟಿ.ಯು. ಮೇಲಿನ ಗ್ರಿಲ್ಲನ್ನ ಪೂರ್ತಿ ಉರಿಯಲ್ಲಿ ಇಟ್ಟರೆ 20 ಪೌಂಡು ಹನ್ನೆರಡು ಗಂಟೆ, 15 ಪೌಂಡು ಒಂಬತ್ತು ಗಂಟೆ. ಹತ್ತಿರದಲ್ಲಿ ತುಂಬಿಸಿಕೊಡೋ ಜಾಗ ಇದ್ದರೆ ಅಲ್ಲಿಗೇ ಹೋಗಿ. ಕತ್ತಿನ ಪಟ್ಟಿಯಲ್ಲಿ ಟಿ.ಡಬ್ಲ್ಯೂ. ಅಂತ ಖಾಲಿ ತೂಕ ಕೊರೆದಿರುತ್ತೆ, ಮನೆಯ ತಕ್ಕಡಿಯಲ್ಲಿ ಇಟ್ಟು ಕಳೆದರೆ ಉಳಿದ ಗ್ಯಾಸ್ ಎಷ್ಟು ಅಂತ ಗೊತ್ತಾಗುತ್ತೆ. ನಮ್ಮಪ್ಪ ಊರಲ್ಲಿ 14.2 ಕೆ.ಜಿ. ಸಿಲಿಂಡರ್ ಬಂದಾಗ ಕೊಕ್ಕೆ ತಕ್ಕಡಿಗೆ ಹಾಕಿ ನೋಡದೆ ಸಹಿ ಮಾಡ್ತಿರಲಿಲ್ಲ. ಅದೇ ವಿದ್ಯೆ.

ಈಗ ಆ "ಬಿಸಿ ಬರಲ್ಲ" ಅನ್ನೋ ದೂರು. ಕೆಲವರಿಗೆ ಅದು ಸುಳ್ಳಲ್ಲ, ನಿಜವಾಗಿಯೂ ಉರಿ ಮಂಕಾಗಿರುತ್ತೆ. ಆದರೆ ಹಲವು ಸಲ ತಪ್ಪು ಗ್ರಿಲ್ಲಿನದಲ್ಲ. ಸಿಲಿಂಡರಿನ ವಾಲ್ವನ್ನ ಗಬಕ್ಕಂತ ತಿರುಗಿಸಿದರೆ, ಅಥವಾ ಬರ್ನರ್ ತಿರುಪು ಮೊದಲು ತೆಗೆದು ಆಮೇಲೆ ಸಿಲಿಂಡರ್ ತೆಗೆದರೆ, ಪೈಪಿನಲ್ಲಿ ಎಲ್ಲೋ ಸೋರ್ತಿದೆ ಅನ್ನೋ ಹಾಗೆ ಸುರಕ್ಷೆಯ ಏರ್ಪಾಡು ಗ್ಯಾಸನ್ನ ಬಿಗಿಹಿಡಿಯುತ್ತೆ. ಎಲ್ಲ ಮುಚ್ಚಿ, ರೆಗ್ಯುಲೇಟರ್ ಬಿಚ್ಚಿ, ಒಂದೆರಡು ನಿಮಿಷ ಬಿಟ್ಟು ಮತ್ತೆ ಜೋಡಿಸಿ, ವಾಲ್ವನ್ನ ನಿಧಾನವಾಗಿ ತೆಗೆದರೆ ಸರಿ ಹೋಗುತ್ತೆ. ಇಷ್ಟು ಗೊತ್ತಿಲ್ಲದೆ ವಾಪಸ್ ಹೋಗೋ ಒಳ್ಳೆ ಗ್ರಿಲ್ಲುಗಳಿವೆ. ಇನ್ನೊಂದು ಕಾರಣ ಜೇಡ. ಚಳಿಗಾಲ ಕಳೆಯೋಷ್ಟರಲ್ಲಿ ಬರ್ನರ್ ಕೊಳವೆಯಲ್ಲಿ ಬಲೆ ಕಟ್ಟಿರುತ್ತೆ, ಗ್ಯಾಸ್ ಹಿಂದಕ್ಕೆ ತಿರುಗಿ ತಿರುಪಿನ ಹತ್ತಿರವೇ ಬೆಂಕಿ ಹತ್ತಬಹುದು. ವಸಂತದಲ್ಲಿ ಒಂದು ಸಣ್ಣ ಬ್ರಶ್ ಹಾಕಿ ಕೊಳವೆ ತೆಗೀರಿ. ಸೋಪಿನ ನೀರು ಹಚ್ಚಿ ಗುಳ್ಳೆ ಬರುತ್ತಾ ನೋಡಿ. ಮುಚ್ಚಳ ತೆಗೆದೇ ಹೊತ್ತಿಸಿ, ಪ್ರೊಪೇನ್ ಗಾಳಿಗಿಂತ ಭಾರ, ಒಳಗೆ ತಳದಲ್ಲಿ ತುಂಬಿ ನಿಲ್ಲುತ್ತೆ. ಸಿಲಿಂಡರನ್ನ ಗ್ಯಾರೇಜಿನಲ್ಲೂ ಇಡಬೇಡಿ. ಅಪಾರ್ಟ್‌ಮೆಂಟಿನವರು ಕೊಳ್ಳೋದಕ್ಕೆ ಮೊದಲು ಬಾಡಿಗೆ ಕರಾರು ಓದಿ, ಬಾಲ್ಕನಿಯಲ್ಲಿ ಗ್ಯಾಸ್ ಗ್ರಿಲ್ಲಿಗೆ ಬಹಳ ಕಡೆ ಬಿಡೋದಿಲ್ಲ.

ಕೊನೆಗೆ ಲೆಕ್ಕ. ಇನ್ನೂರೈವತ್ತು ಡಾಲರಿನದು ಎರಡು ಬೇಸಿಗೆ ಬಾಳಿದರೆ ವರ್ಷಕ್ಕೆ 125. ಐನೂರರದ್ದು ಹತ್ತು ಬೇಸಿಗೆ ಬಾಳಿ, ಮಧ್ಯೆ ಬರ್ನರು, ಕಂಬಿಗೆ ಅಂತ ನೂರು ಡಾಲರ್ ಹಾಕಿದರೂ ವರ್ಷಕ್ಕೆ 60. ಆ ಐನೂರನ್ನೂ ಮೇ ತಿಂಗಳ ಬಿಸಿಯಲ್ಲಿ ಕೊಡಬೇಡಿ. ಸೆಪ್ಟೆಂಬರಿನ ಲೇಬರ್ ಡೇ ಕಳೆದ ಮೇಲೆ ಅಂಗಡಿಯವರಿಗೆ ಜಾಗ ಬೇಕು, ಬೆಲೆ ಇಳಿಸ್ತಾರೆ. ಜೋಡಿಸಿಟ್ಟ ಪ್ರದರ್ಶನದ ಗ್ರಿಲ್ ಇದ್ದರೆ ಇನ್ನೂ ಕಡಿಮೆಗೆ ಕೇಳಬಹುದು. ನಮ್ಮವರು ವಾಪಸ್ ಕೊಡೋಕೆ ಸಾಲಲ್ಲಿ ನಿಂತಿರೋ ಅದೇ ವಾರ ನೀವು ಕೊಳ್ಳೋ ಸಾಲಲ್ಲಿ ನಿಂತ್ಕೊಳ್ಳಿ. ಡೀಲ್ ಅಂದರೆ ಇದು. ಇದರಲ್ಲಿ ಯಾರಿಗೂ ಸುಳ್ಳು ಹೇಳಬೇಕಾಗಿಲ್ಲ.

ನಾನು ಹಾಗೇ ಮಾಡಿದೆ. ಅವ್ವ ಹೊರಡೋದಕ್ಕೆ ಮೂರು ವಾರ ಇರುವಾಗ, ಅದೇ ಅಂಗಡಿಯಿಂದ, ಪೂರ್ತಿ ದುಡ್ಡು ಕೊಟ್ಟು ಇನ್ನೊಂದು ತಂದೆ. ಈಗದು ಎಂಟನೇ ಬೇಸಿಗೆಯಲ್ಲಿದೆ. ಬರ್ನರ್ ಒಮ್ಮೆ ಬದಲಾಗಿದೆ, ಒಂದು ಚಕ್ರ ಅಲ್ಲಾಡುತ್ತೆ. ಎಡಗಡೆ ಕೋಳಿ, ಬಲಗಡೆ ಜೋಳ, ಅದಕ್ಕೆ ಬೇರೆ ಕಂಬಿ. ಆಚೆ ಮನೆಯ ತಮಿಳರು, ಈಚೆ ಮನೆಯ ಪೋಲಿಷ್ ಅಜ್ಜ ಇಬ್ಬರೂ ಎರವಲು ಒಯ್ದಿದ್ದಾರೆ. ಅಜ್ಜ ವಾಪಸ್ ತಂದಾಗ ಮೇಲೆ ಒಂದು ತಟ್ಟೆ ಸುಟ್ಟ ಸಾಸೇಜ್ ಇತ್ತು. ಅವನಿಗೆ ಇದನ್ನ ಯಾರೂ ಹೇಳಿಕೊಟ್ಟಿರಲಿಲ್ಲ.

ಈ ಸಲ ಮೇ ತಿಂಗಳಲ್ಲಿ ಫೋನ್ ಮಾಡೋರು ಮಾಡಿ. ಅಯಸ್ಕಾಂತ ತಗೊಂಡು ಅಂಗಡಿಗೆ ನಾನೇ ಜೊತೆಗೆ ಬರ್ತೀನಿ. ಒಂದೇ ದಿನಕ್ಕೆ ಬೇಕಿದ್ದರೆ ನನ್ನದನ್ನೇ ಒಯ್ಯಿರಿ. ಬೆಲ್ಲ ಇಡದಿದ್ದರೂ ಪರವಾಗಿಲ್ಲ, ತೊಳೆದು ಕೊಡಿ. ಆದರೆ "ಸೆಪ್ಟೆಂಬರಿನಲ್ಲಿ ವಾಪಸ್ ಕೊಡ್ತೀನಿ" ಅನ್ನೋ ಮಾತು ಮಾತ್ರ ನನ್ನ ಹತ್ತಿರ ಆಡಬೇಡಿ. ಏನಂತೀರಿ?