ಕೈಗುಣ ಸಾಕು, ಗೇಜ್ ತೋರಿಸಿ

"ಒಳ್ಳೇ ಮೆಕ್ಯಾನಿಕ್ ಇದ್ರೆ ಹೇಳ್ರಪ್ಪ" ಅಂತ ಬೆಂಗಳೂರಲ್ಲಿ ಯಾರನ್ನೇ ಕೇಳಿ, ಒಂದೇ ಉತ್ತರ. "ನಮ್ಮ ಮೇಸ್ತ್ರಿ ಹತ್ರ ಹೋಗಿ, ಕೈಗುಣ ಚೆನ್ನಾಗಿದೆ, ಸೌಂಡ್ ಕೇಳೇ ಹೇಳ್ಬಿಡ್ತಾರೆ." ಈ ಕೈಗುಣ ಅನ್ನೋ ಪದ ಕೇಳಿದ್ರೆ ನನಗೆ ಮೈ ಉರಿಯುತ್ತೆ ಸ್ವಾಮಿ.

ನಂದು 2002ರ ಹೋಂಡಾ ಸಿಟಿ ವಿಟೆಕ್. ಅದೇ ಹಳೇ ಸಿಟಿ, 1.5 ಲೀಟರಿಂದು. ಕಂಪನಿಯಿಂದ ಬರುವಾಗಲೇ 106 ಕುದುರೆಬಲ. ಈಗ ಬೇರೆ ಹೆಡರ್, ಬೇರೆ ಇನ್‌ಟೇಕ್, ಪೆಟ್ರೋಲ್ ಹೆಚ್ಚುಕಮ್ಮಿ ಮಾಡೋಕೆ ಒಂದು ಎಲೆಕ್ಟ್ರಾನಿಕ್ ಡಬ್ಬಿ ಎಲ್ಲಾ ಇದೆ. ಇಷ್ಟು ಹಳೇ ಕಾರು ಯಾಕೆ ಸಾಕ್ತೀಯ ಅಂತ ಮನೆಯಲ್ಲೂ ಕೇಳ್ತಾರೆ, ನೀವು ಬೇರೆ ಕೇಳಬೇಡಿ :)

ಕಳೆದ ವರ್ಷ ಇದ್ದಕ್ಕಿದ್ದಂತೆ ವಿಟೆಕ್ ಏಳೋದು ನಿಂತುಹೋಯ್ತು. ಆರ್‌ಪಿಎಂ ಏರಿದ್ರೂ ಗಾಡಿ ಸತ್ತ ಹಾಗೆ. ದೊಡ್ಡ ಸರ್ವಿಸ್ ಸೆಂಟರ್‌ನೋರು ಬಾನೆಟ್ ಎತ್ತಿ, "ಹೊರಗಿನ ಪಾರ್ಟ್ಸ್ ಹಾಕಿದೀರ, ಮುಟ್ಟಲ್ಲ" ಅಂದ್ರು. ಸರಿ, ಇದು ಪ್ರಾಮಾಣಿಕ ಉತ್ತರವೇ. ಕೈಗುಣದ ಮೇಸ್ತ್ರಿ ಎರಡು ಸಲ ರೇಸ್ ಕೊಟ್ಟು, ಕಣ್ಣುಮುಚ್ಚಿ ಕೇಳಿ, "ಹೆಡ್ ಬಿಚ್ಚಬೇಕು" ಅಂದ್ರು. ಗೋಡೆ ತುಂಬಾ ಸ್ಟಿಕ್ಕರ್ ಅಂಟಿಸಿಕೊಂಡಿರೋ ಟ್ಯೂನಿಂಗ್ ಅಂಗಡಿಯವನು ಸೌಂಡೂ ಕೇಳಲಿಲ್ಲ, ಹೊಸ ಕ್ಯಾಮ್‌ಶಾಫ್ಟ್ ರೇಟು ಹೇಳಿದ!

ಕೊನೆಗೆ ಒಂದು ಸಣ್ಣ ಶೆಡ್ಡಿನ ಹುಡುಗ ಮೊದಲು ಡಿಪ್‌ಸ್ಟಿಕ್ ಎಳೆದು ಆಯಿಲ್ ಮಟ್ಟ ನೋಡಿದ. ಆಮೇಲೆ ಆಯಿಲ್ ಪ್ರೆಷರ್ ಗೇಜ್ ಹಾಕಿದ. ವಿಟೆಕ್ ಏಳೋದೇ ಆಯಿಲ್ ಒತ್ತಡದಿಂದ ಅಲ್ವಾ? ಒಂದು ಸೊಲೆನಾಯ್ಡ್ ತೆರೆದುಕೊಂಡು ಆಯಿಲ್ ಒಳಗೆ ನುಗ್ಗಬೇಕು, ಅದು ಪಿನ್ ತಳ್ಳಿ ರಾಕರ್‌ಗಳನ್ನು ಒಟ್ಟಿಗೆ ಕಟ್ಟಬೇಕು. ಆ ಸೊಲೆನಾಯ್ಡ್ ಬುಡದ ಪುಟ್ಟ ಜಾಲರಿಯಲ್ಲಿ ಕೆಸರು ಕೂತಿತ್ತು. ಅಷ್ಟೇ! ಹಳೇ ಜಾಲರಿ ಕೈಗೆ ಕೊಟ್ಟ, ಗೇಜ್ ತೋರಿಸಿದ್ದನ್ನು ಚೀಟಿಯಲ್ಲಿ ಬರೆದುಕೊಟ್ಟ.

ಕಿವಿಯ ಮೇಸ್ತ್ರಿಗಳನ್ನು ಹೀಗಳೆಯೋದು ನನ್ನ ಉದ್ದೇಶವಲ್ಲ. ಪದ್ಮಿನಿ, ಅಂಬಾಸಿಡರ್ ಕಾರ್ಬ್ಯುರೇಟರ್ ಕಾಲಕ್ಕೆ ಅವರೇ ರಾಜರು. ಆದ್ರೆ ಕಿವಿ ಕೆಲಸ ಮಾಡೋದು ಸಾವಿರ ಮಾರುತಿ ಕೇಳಿದ ಮೇಲೆ ಸಾವಿರದ ಒಂದನೇ ಮಾರುತಿಗೆ. ಮಾಡಿಫೈ ಮಾಡಿದ ಕಾರಿನ ಸದ್ದು ಊರಿಗೇ ಒಂದು. ಅದನ್ನ ಯಾವುದರ ಜೊತೆ ಹೋಲಿಸ್ತೀರಿ?

ಪೆಟ್ರೋಲ್ ವಿಷಯ ಇನ್ನೂ ಅಪಾಯದ್ದು. ಪೂರ್ತಿ ಉರಿಯೋಕೆ ಒಂದು ಪಾಲು ಪೆಟ್ರೋಲಿಗೆ 14.7 ಪಾಲು ಗಾಳಿ ಬೇಕು (ತೂಕದ ಲೆಕ್ಕ), ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಸುಮಾರು 12.5ರಿಂದ 13 ಇರಬೇಕು. ಹಳೇ ಕಾರುಗಳ ಆಕ್ಸಿಜನ್ ಸೆನ್ಸರ್‌ಗೆ 14.7ಕ್ಕಿಂತ ಆಚೆಯೋ ಈಚೆಯೋ ಅನ್ನೋದು ಬಿಟ್ಟು ಬೇರೇನೂ ಗೊತ್ತಾಗಲ್ಲ. ವೈಡ್‌ಬ್ಯಾಂಡ್ ಸೆನ್ಸರ್ ಇಲ್ಲದೆ "ಟ್ಯೂನ್ ಮಾಡಿದೀನಿ ಸಾರ್, ಪಿಕಪ್ ನೋಡಿ" ಅನ್ನೋನು ಕತ್ತಲಲ್ಲಿ ಕಲ್ಲು ಹೊಡೀತಿದ್ದಾನೆ. ಪೆಟ್ರೋಲ್ ಕಮ್ಮಿಯಾದ್ರೂ ಗಾಡಿ ಚೆನ್ನಾಗೇ ಓಡಬಹುದು, ಒಂದು ದಿನ ನೈಸ್ ರಸ್ತೆಯಲ್ಲಿ ಪಿಸ್ಟನ್ ತೂತಾಗೋ ತನಕ.

ಬಿಲ್ ಕೇಳಿದ್ರೆ ಇನ್ನೊಂದು ನಾಟಕ. ಕಂಪನಿಯ ಮೂಲ ವಿನ್ಯಾಸಕ್ಕೆ ವಿರುದ್ಧವಾಗಿ ಗಾಡಿ ಬದಲಿಸುವಂತಿಲ್ಲ ಅಂತ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇವರಿಗೆ ವರದಾನ ಆಗಿದೆ. "ಬಿಲ್ ಕೊಟ್ರೆ ನಿಮಗೇ ತೊಂದ್ರೆ ಸಾರ್." ಅಲ್ರೀ, ಜಾಲರಿ ಬದಲಿಸಿದ್ದಕ್ಕೆ, ಕಂಪ್ರೆಷನ್ ನೋಡಿದ್ದಕ್ಕೆ ಯಾವ ಕಾನೂನು ಅಡ್ಡ ಬರುತ್ತೆ? ಬಿಲ್ ಇಲ್ಲದಿದ್ರೆ ನಾಳೆ ಗ್ರಾಹಕರ ನ್ಯಾಯಾಲಯಕ್ಕೆ ಏನು ತೋರಿಸೋದು? ಅದು ಅವರಿಗೂ ಚೆನ್ನಾಗಿ ಗೊತ್ತು.

ಇನ್ನು ನಮ್ಮ ಕಾರುಪ್ರೇಮಿಗಳು... ಅಲಾಯ್ ವೀಲ್‌ಗೆ ಅರ್ಧ ಲಕ್ಷ ಚೌಕಾಸಿ ಇಲ್ಲದೆ ಸುರೀತಾರೆ. ನಾಲ್ಕೂ ಸಿಲಿಂಡರ್ ಕಂಪ್ರೆಷನ್ ನೋಡೋಕೆ ಐನೂರು ಅಂದ್ರೆ "ಬರೀ ನೋಡಿದ್ದಕ್ಕೆ ದುಡ್ಡಾ?" ಅಂತಾರೆ. ನೋಡಿದ್ದಕ್ಕೆ ಕಾಸು ಹುಟ್ಟದಿದ್ರೆ ಪಾಪ ಅವನು ಏನು ಮಾಡ್ಬೇಕು? ಹೆಡ್ ಬಿಚ್ಚಲೇಬೇಕು, ಜೆ.ಸಿ. ರಸ್ತೆಯಿಂದ ಪಾರ್ಟ್ಸ್ ತರಲೇಬೇಕು. ಗೇಜ್ ಇಟ್ಟುಕೊಂಡ ಹುಡುಗನ ಶೆಡ್ಡು ಖಾಲಿ ಹೊಡೆಯುತ್ತೆ, ಸ್ಟಿಕ್ಕರ್ ಅಂಗಡಿ ಮುಂದೆ ಕ್ಯೂ.

ಅಂದಹಾಗೆ ಹುಬ್ಬಳ್ಳಿ ಗೆಳೆಯನ ಲ್ಯಾನ್ಸರ್ ಸೀಡಿಯಾ ಎರಡು ತಿಂಗಳಿಂದ ಮನೆ ಮುಂದೆ ನಿಂತಿದೆ. ಆ ಕಡೆ ಅಳತೆ ಮಾಡಿ, ಬರೆದುಕೊಡೋರು ಯಾರಾದ್ರೂ ಗೊತ್ತಿದ್ರೆ ದಯವಿಟ್ಟು ತಿಳಿಸಿ. ಕೈಗುಣದೋರು ಬೇಡ, ಈಗಾಗಲೇ ಮೂವರು ಕೇಳಿಸಿಕೊಂಡು ಹೋಗಿದ್ದಾರೆ.