ರೇಟು ಇಳಿದಿರಲಿಲ್ಲ, ಪಾರ್ಟಿಯೇ ಇರಲಿಲ್ಲ

2020ರಲ್ಲಿ ಸಕಲೇಶಪುರದಲ್ಲಿ ಸೈಟಿನ ರೇಟು ಕೇಳಿದರೆ ಹಳೇ ಲೆಕ್ಕವನ್ನೇ ಹೇಳುತ್ತಿದ್ದರು. ಕೊಳ್ಳುವ ಪಾರ್ಟಿ ಮಾತ್ರ ಇರಲಿಲ್ಲ. ಆಲೂರಿನದೂ ಇದೇ ಕತೆ. ವ್ಯಾಪಾರವೇ ಕುದುರದಿದ್ದರೆ ಬಾಯಲ್ಲಿ ಹೇಳುವ ರೇಟನ್ನು ನಂಬಿ ಕೂರುವುದು ಹೇಗೆ?

ಇಲ್ಲಿ ನಮ್ಮವರ ಮನೆ ಏಳುವುದು ಮೂರು ದುಡ್ಡಿನಿಂದ: ಕಾಫಿ-ಮೆಣಸು, ಹೆದ್ದಾರಿ ವ್ಯಾಪಾರ, ಗಲ್ಫ್. 2018ರಲ್ಲಿ ಶಿರಾಡಿ ಘಾಟಿ ಮೊದಲು ಕಾಂಕ್ರೀಟ್ ಕೆಲಸಕ್ಕೆ, ಆಮೇಲೆ ಆಗಸ್ಟ್‌ನ ಭೂಕುಸಿತಕ್ಕೆ ಮುಚ್ಚಿತು. ಅದೇ ಮಳೆ ತೋಟಗಳನ್ನೂ ಬಿಡಲಿಲ್ಲ. 2020ರಲ್ಲಿ ಕೊರೊನಾ. ಮೇ 12ರಂದು ದುಬೈಯಿಂದ ಮಂಗಳೂರಿಗೆ ಮೊದಲ ವಿಶೇಷ ವಿಮಾನ ಬಂತು; ಕೆಲಸ ಕಳಕೊಂಡು ಬಂದವರ ಮನೆಗೆ ಮೂರನೇ ದುಡ್ಡೂ ನಿಂತಿತು.

ಹೆಚ್ಚು ಕಷ್ಟ ಸಾಲ ಮಾಡಿ ಕಟ್ಟಿದವರಿಗೆ. ರಿಸರ್ವ್ ಬ್ಯಾಂಕ್ 2020ರ ಆಗಸ್ಟ್ 31ರವರೆಗೆ ಕಂತು ಮುಂದೂಡಲು ಬಿಟ್ಟಿತ್ತು, ಬಡ್ಡಿ ಓಡುತ್ತಲೇ ಇತ್ತು. ಗಾಬರಿಯಿಂದ ಮಾರಲು ಹೊರಟರೆ ನಷ್ಟ ಖಂಡಿತ. ಖಾತೆ, ಕನ್ವರ್ಷನ್ ಸರಿಯಿಲ್ಲದ ಸೈಟಿಗೆ ಬ್ಯಾಂಕ್ ಸಾಲ ಸಿಗುವುದು ಕಷ್ಟ. ಸಾಲ ಸಿಗದ ಸೈಟನ್ನು ಕೈಯಲ್ಲಿ ನಗದು ಇದ್ದವನೇ ಕೇಳಬೇಕು, ಅವನು ಹೇಳಿದ್ದೇ ರೇಟು.

ಆದ್ದರಿಂದ ಮೊದಲು ಬ್ಯಾಂಕಿಗೆ ಹೋಗಿ. 2020ರ ಮಾರ್ಚ್ 1ಕ್ಕೆ ಕಂತು 30 ದಿನಕ್ಕಿಂತ ಹೆಚ್ಚು ಬಾಕಿ ಇಲ್ಲದಿದ್ದವರ ಗೃಹಸಾಲದ ಅವಧಿಯನ್ನು ಎರಡು ವರ್ಷದವರೆಗೆ ವಿಸ್ತರಿಸಲು ರಿಸರ್ವ್ ಬ್ಯಾಂಕ್ ಆ ವರ್ಷ ಆಗಸ್ಟ್ 6ರಂದು ಬ್ಯಾಂಕುಗಳಿಗೆ ಅವಕಾಶ ಕೊಟ್ಟಿತ್ತು; 2020ರ ಡಿಸೆಂಬರ್ 31ರೊಳಗೆ ಇದು ತೀರ್ಮಾನವಾಗಬೇಕಿತ್ತು. ಮಾಳಿಗೆ ಬಾಡಿಗೆಗೆ ಹೋದರೆ ಕಂತಿಗೆ ಆಸರೆ. ಮಾರಲೇಬೇಕಾದವರು ಮೊದಲು ಕಾಗದಪತ್ರ ಸರಿಮಾಡಿಕೊಳ್ಳಲಿ. ಇನ್ನು ಕಟ್ಟದವರು ಇರುವ ದುಡ್ಡನ್ನೆಲ್ಲ ಗೋಡೆಗೆ ಸುರಿಯದೆ ಒಂದು ವರ್ಷದ ಮನೆಖರ್ಚನ್ನು ಬದಿಗಿಟ್ಟುಕೊಳ್ಳಲಿ.